ಹಕ್ಕಿ ಬಾರದ ಗಿಡ

ತಿಕೋಟಾದ ದ್ರಾಕ್ಷಿ ಬೆಳೆಗಾರ ಬಸಲಿಂಗಯ್ಯನವರ ಮನೆಯ ಮುಂದಿನ ಮರ ಮೊದಲ ಸಲ ಹೂ ಬಿಟ್ಟಿದ್ದೇ ತಪ್ಪಾಯಿತು. ಬೊಗಸೆಯಂಥ ಕೆಂಪು ಹೂಗಳನ್ನು ಕಂಡ ಪಕ್ಕದ ಮನೆಯ ಶಂಕ್ರೆವ್ವ ಬೆಳಗಾಗುತ್ತಲೇ ಬೇಲಿಯ ಆಚೆಯಿಂದ ಕೂಗಿದಳು: "ಇಂಥಾ ಹೂವಿಗೆ ಊರಾಗಿನ ಹಕ್ಕಿ ಎಲ್ಲಾ ಬರ್ತಾವ್ರಿ ಅಯ್ಯಾರ. ಒಣದ್ರಾಕ್ಷಿ ಶೆಡ್ ಹಿತ್ತಲದಾಗ ಐತಿ, ನೋಡ್ಕೋರಿ!"

ಹಕ್ಕಿ ಎಂದರೆ ಬಸಲಿಂಗಯ್ಯನವರಿಗೆ ಮೈಯೆಲ್ಲ ಉರಿ. ಕೊಡಲಿಗೆ ಕೈ ಹಾಕುವಷ್ಟರಲ್ಲಿ ಹೆಂಡತಿ ನೀಲಾಬಾಯಿ ಅಡ್ಡ ಬಂದರು. ಆ ಮರವನ್ನು ನೀರು ಹೊತ್ತು ಬೆಳೆಸಿದವರು ಅವರೇ.

"ಮನ್ಯಾಗ ಅಳಿಯಾರ ಅದಾರ. ಗಿಡಮರದ್ದ ಓದ್ಯಾರ. ಅವ್ರನ್ನ ಕೇಳ್ರಿ."

ಹೊಸ ಅಳಿಯ ಸತೀಶಕುಮಾರನ ಬಾಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಸಸ್ಯಶಾಸ್ತ್ರದ ಪದವಿ ಇದ್ದದ್ದು ನಿಜ. ಆದರೆ ಅವನು ಕಂಡ ಗಿಡಗಳೆಲ್ಲ ಪ್ರಯೋಗಾಲಯದ ಬಾಟಲಿಯೊಳಗಿನವು; ಈಗಿನ ನೌಕರಿ ವಿಜಯಪುರದ ಟೈರ್ ಅಂಗಡಿಯಲ್ಲಿ. ನಾಳೆ ಸೋಮವಾರ ಬರದಿದ್ದರೆ ಬರಲೇಬೇಡ ಎಂದು ಮಾಲೀಕ ಹೇಳಿ ಕಳಿಸಿದ್ದ. ಸಂಜೆಯ ಕೊನೆಯ ಬಸ್ಸು ಹತ್ತುವವರೆಗೆ ಮಾವನ ಮನೆಯಲ್ಲಿ ಮರ್ಯಾದೆ ಉಳಿದರೆ ಸಾಕಿತ್ತು.

ಮೊಬೈಲಿನಲ್ಲಿ ಫೋಟೊ ತೆಗೆದು ಗಿಡ ಗುರುತಿಸುವ ಆ್ಯಪನ್ನು ಕೇಳಿದ. ಅದು ಮೊದಲು ಗುಲ್‌ಮೊಹರ್ ಎಂದಿತು, ಆಮೇಲೆ ಮುತ್ತಲ ಎಂದಿತು. ಮೂರನೆಯ ಸಲ ಮಾವನ ತಲೆಯ ಕೆಂಪು ಪಟಕಾವನ್ನೂ ಸೇರಿಸಿಕೊಂಡು ದಾಸವಾಳ ಎಂದಿತು. ಗಾಬರಿಯಲ್ಲಿ ಸತೀಶ ಬಾಗಿದ ಕೊಂಬೆಯ ಮೊಗ್ಗೊಂದನ್ನು ಹಿಚುಕಿದ. ಅದರೊಳಗಿನ ನೀರು ಚಿಮ್ಮಿ ಮಾವನ ಕನ್ನಡಕಕ್ಕೆ ಬಡಿಯಿತು.

"ನೀರುಕಾಯಿ ಗಿಡ ರಿ ಮಾವಾರ!" ಸತೀಶ ಕುಣಿದೇಬಿಟ್ಟ.

"ಅದು ತಿಳೀತು. ಹಕ್ಕಿ ಬರ್ತಾವೋ ಇಲ್ಲೋ?" ಮಾವ ಕನ್ನಡಕ ಒರೆಸಿಕೊಂಡರು.

ಬಾಗಿಲಲ್ಲಿ ನಿಂತ ಅತ್ತೆ ಸೆರಗಿನ ಮರೆಯಲ್ಲೇ ಅಳಿಯನಿಗೆ ಕೈ ಮುಗಿದರು. "ಛೇ ಛೇ, ಪರದೇಶದ ಗಿಡ ರಿ," ಎಂದ ಸತೀಶ. "ಬರೇ ಚಂದಕ್ಕ. ನಮ್ಮ ಹಕ್ಕಿ ಮೂಸಿನೂ ನೋಡಾಂಗಿಲ್ಲ."

"ಇವತ್ತೊಂದಿನ ನೋಡ್ತೀನಿ. ಒಂದ ಹಕ್ಕಿ ಬಂದ್ರೂ ಸಂಜೀಕ ಕಡೀತೀನಿ," ಎಂದು ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕಟ್ಟೆಯ ಮೇಲೆ ಕುಳಿತರು.

ಮೊದಲ ಪುಟ ಮುಗಿಯುವ ಮೊದಲೇ ಎರಡು ಗೊರವಂಕ ಬಂದವು. ಸತೀಶ ಅಡುಗೆಮನೆಯಿಂದ ತಾಟು, ಸೌಟು ಎತ್ತಿಕೊಂಡು ಬಂದು ಮರದ ಹಿಂದೆ ನಿಂತು ಬಾರಿಸಿದ.

"ಏನ್ರಿ ಅದು ಸಪ್ಪಳ?"

"ತಾಟ ತೊಳ್ಯಾಕತ್ತೇನ್ರಿ ಮಾವಾರ!"

ಮಾವ ಪುಟ ತಿರುವಿದರು. ಇತ್ತ ಪಿಕಳಾರಗಳ ಹಿಂಡು ಬಂತು, ಸತೀಶ ಟವೆಲ್ ಬೀಸಿದ. ಅತ್ತ ಸೂರಕ್ಕಿ ಹೂವಿನೊಳಗೆ ಕೊಕ್ಕಿಟ್ಟಿತು, ಕೊಂಬೆ ಹಿಡಿದು ಜಗ್ಗಿದ. ಒಂದನ್ನು ಓಡಿಸಿದರೆ ನಾಲ್ಕು ಬಂದವು. ಕೂರುವಂತಿಲ್ಲ, ನಿಲ್ಲುವಂತಿಲ್ಲ. ಊಟಕ್ಕೆ ಕರೆಯಲು ಬಂದ ಹೆಂಡತಿ ಶಾಂಭವಿ, ಗಂಡ ಮರವನ್ನು ಸುತ್ತುವುದನ್ನು ನೋಡಿ ಅಳುವಂತಾದಳು.

ಶಂಕ್ರೆವ್ವ ಸುಮ್ಮನಿರುತ್ತಾಳೆಯೇ? "ನಿಮ್ಮ ಅಳಿಯಾಗ ಗಾಳಿ ಬಡದೈತಿ ಬೇ ನೀಲವ್ವಾ!" ಎನ್ನುತ್ತ ಬಂದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಮರದ ಬುಡದಲ್ಲೇ ಕೆಂಡಕ್ಕೆ ಹಾಕಿದಳು. ಆ ಘಾಟಿಗೆ ಉಳಿದ ಹಕ್ಕಿಗಳೂ ಹಾರಿಹೋದವು. ಕೆಮ್ಮುತ್ತಲೇ ಸತೀಶ ಅವಳಿಗೆ ಮನಸ್ಸಿನಲ್ಲಿ ಕೈ ಮುಗಿದ.

ಸಂಜೆಯಾಯಿತು. "ಒಂದೂ ಬರಲಿಲ್ಲ. ಓದಿದವ್ರ ಮಾತು ಓದಿದವ್ರದ," ಎಂದು ಮೆಚ್ಚಿ ಮಾವ ಹಿತ್ತಲಿಗೆ ಹೋದರು. ಸತೀಶ ಬ್ಯಾಗು ಹೆಗಲಿಗೇರಿಸಿದ. ಅಷ್ಟರಲ್ಲಿ ಹಿತ್ತಲಿನಿಂದ ಕೂಗು ಕೇಳಿತು.

ಆಳುಗಳೆಲ್ಲ ಬಬಲೇಶ್ವರಕ್ಕೆ ಮದುವೆ ಊಟಕ್ಕೆ ಹೋಗಿದ್ದರು. ಕಾಯುವವರಿಲ್ಲದ ಶೆಡ್ಡಿನಲ್ಲಿ ಗೊರವಂಕ, ಪಿಕಳಾರಗಳು ಒಣದ್ರಾಕ್ಷಿಯ ಮೇಲೆ ಪಂಕ್ತಿ ಊಟಕ್ಕೆ ಕುಳಿತಿದ್ದವು.

ಬಸಲಿಂಗಯ್ಯ ಕೊಡಲಿ ಹಿಡಿದೇ ಬಂದರು. "ಹಕ್ಕಿ ಬರೂ ಗಿಡ ಆಗಿದ್ರ ಹೂವಿನಾಗ ಕುಂತು ನನ್ನ ಶೆಡ್ ಬಿಡ್ತಿದ್ವು. ಈ ದರಿದ್ರ ಗಿಡಕ್ಕ ಒಂದೂ ಬರಂಗಿಲ್ಲ! ಇದನ್ನ ಕಡದು ಹಕ್ಕಿ ಬರೂ ಗಿಡ ಹಚ್ತೀನಿ."

ನೀಲಾಬಾಯಿಯ ಕಣ್ಣುಗಳು ತುಂಬಿದವು. ಸತೀಶನಿಗೆ ತಡೆಯಲಾಗಲಿಲ್ಲ. "ಮಾವಾರ, ಕಡೀಬ್ಯಾಡ್ರಿ! ಇದಕ್ಕ ಹಕ್ಕಿ ಬರ್ತಾವ್ರಿ, ರಗಡ ಬರ್ತಾವ. ಮುಂಜಾನಿಂದ ನಾನ ಹೊಡದ ಕಳಸಾಕತ್ತಿದ್ದೆ."

"ಎಲ್ಲಿಗೆ ಕಳಿಸಿದ್ರಿ?"

ಸತೀಶ ಹಿತ್ತಲಿನ ಕಡೆ ನೋಡಿದ. ಹೊರಗೆ ಕೊನೆಯ ಬಸ್ಸಿನ ಹಾರ್ನು ಕೇಳಿಸಿ ದೂರವಾಯಿತು.

ಬಸಲಿಂಗಯ್ಯ ಕೊಡಲಿಯನ್ನು ಗೋಡೆಗೆ ಒರಗಿಸಿದರು. ಅಳಿಯನ ಹೆಗಲಿನ ಬ್ಯಾಗು ಇಳಿಸಿ ಮಗಳ ಕೈಗೆ ಕೊಟ್ಟರು. ಮರದ ಬುಡದಲ್ಲಿ ಬಿದ್ದಿದ್ದ ತಾಟು, ಸೌಟನ್ನು ಎತ್ತಿ ಅವನ ಕೈಗಿಟ್ಟರು.

"ತಾಟ ಛಲೋ ತೊಳೀತೀರಿ. ದ್ರಾಕ್ಷಿ ಒಣಗೂತನಕ ಶೆಡ್ಡಿನಾಗ ತೊಳೀರಿ."