ಜೋಡಿ ಕಾರ್ಬುರೇಟರಿನ ಸಂಸಾರ

ಅಂಗಡಿಯಲ್ಲಿ ಸಿಗುವ ವಸ್ತುವನ್ನು ಮನೆಯಲ್ಲೇ ಮಾಡಿಕೊಂಡರೆ ಅಗ್ಗವಾಗುತ್ತದೆ ಎಂದು ನಂಬಿರುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಅವರ ಮನೆಯ ಅಟ್ಟ ನೋಡಿದರೆ ಸಾಕು, ಗುರುತು ಸಿಕ್ಕಿಬಿಡುತ್ತದೆ. ಅರ್ಧ ಕೊಯ್ದ ಹಲಗೆ, ತಲೆ ಇಲ್ಲದ ಸುತ್ತಿಗೆ, ಯಾತಕ್ಕೆ ತಂದದ್ದೆಂದು ತಂದವನಿಗೇ ಮರೆತುಹೋದ ಸ್ಪ್ರಿಂಗು. ನಮ್ಮ ಅಟ್ಟದಲ್ಲಿ ಇವು ಮೂರೂ ಇದ್ದವು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೋಲಾರದಲ್ಲಿ ರೇಷ್ಮೆ ಇಲಾಖೆಯಲ್ಲಿದ್ದೆ. ವಕ್ಕಲೇರಿ, ಹೋಳೂರು ಅಂತ ಹಳ್ಳಿ ಹಳ್ಳಿ ಸುತ್ತಿ, ಹುಳು ಸಾಕುವವರ ಮನೆಗೆ ಹೋಗಿ, ಹಿಪ್ಪುನೇರಳೆ ಸೊಪ್ಪು ಒದ್ದೆಯಾಗಿದ್ದರೆ ಹಾಕಬೇಡಿ ಎಂದು ಅವರಿಗೆ ಮೊದಲೇ ಗೊತ್ತಿದ್ದ ಮಾತನ್ನು ಹೇಳಿ ಬರುವುದು ನನ್ನ ಕೆಲಸ. ಅದಕ್ಕೊಂದು ಮೋಟಾರ್ ಸೈಕಲ್ ಬೇಕಾಗಿತ್ತು. ಮಾಲೂರಿನ ಒಬ್ಬ ನಿವೃತ್ತರ ಹತ್ತಿರ ಹಳೆಯ ಫಾರಿನ್ ಗಾಡಿಯೊಂದು ಸಿಕ್ಕಿತು. ಎರಡು ಸಿಲಿಂಡರು, ಎರಡು ಸೈಲೆನ್ಸರು, ಎರಡು ಕಾರ್ಬುರೇಟರು. ಎಲ್ಲ ಎರಡೆರಡು ಇದೆ, ಒಂದರ ಬೆಲೆಗೆ ಬರುತ್ತಿದೆ ಎಂದು ಖುಷಿಯಾಗಿ ತಂದೆ. ಎರಡಿದ್ದರೆ ಅವೆರಡಕ್ಕೂ ಹೊಂದಾಣಿಕೆ ಇರಬೇಕು ಎನ್ನುವುದು, ಮದುವೆಯಾಗಿ ಮೂರು ವರ್ಷವಾಗಿದ್ದರೂ, ನನಗೆ ಹೊಳೆಯಲಿಲ್ಲ.

ಕಾರ್ಬುರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಸಾಮಾನು. ಎರಡಿದ್ದಾಗ ಎರಡೂ ಸಮನಾಗಿ ಉಣಿಸಬೇಕು. ಒಂದು ಹೆಚ್ಚು, ಒಂದು ಕಡಿಮೆಯಾದರೆ ಗಾಡಿ ನಿಂತಲ್ಲೇ ಗಡಗಡ ನಡುಗುತ್ತದೆ. ನಮ್ಮದು ಎಷ್ಟು ನಡುಗುತ್ತಿತ್ತೆಂದರೆ, ಸ್ಟ್ಯಾಂಡ್ ಹಾಕಿ ಸ್ಟಾರ್ಟ್ ಮಾಡಿದರೆ ತಾನಾಗಿಯೇ ಜರುಗಿ ಪಕ್ಕದ ಮನೆಯ ಗೇಟಿನ ಹತ್ತಿರ ಹೋಗುತ್ತಿತ್ತು. ಹೆಂಡತಿ ರತ್ನಳನ್ನು ಕೂರಿಸಿಕೊಂಡು ಅವಳ ತವರು ರಾಯಲ್ಪಾಡಿಗೆ ಮೊದಲ ಸಲ ಹೊರಟಾಗ ಶ್ರೀನಿವಾಸಪುರ ದಾಟಿದ ಮೇಲೆ ನಿಂತೇಹೋಯಿತು. ಅವಳು ಟೊಮೇಟೊ ಲಾರಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು ತವರಿಗೆ ಹೋದಳು. ಗಾಡಿ, ನಾನು ಇಬ್ಬರೂ ಹಿಂದೆ ಟೊಮೇಟೊ ಜೊತೆ. ನನ್ನ ಭಾವಮೈದ ನಾರಾಯಣಪ್ಪ ಬಾಗಿಲಲ್ಲೇ ನಿಂತು ನೋಡಿ, "ಬಾವಾ, ಕೇಜಿ ಎಷ್ಟು?" ಅಂದ. ಅಷ್ಟಕ್ಕೇ ಬಿಡಲಿಲ್ಲ. ಮದನಪಲ್ಲಿಯ ಒಬ್ಬ ಗಿರಾಕಿಯನ್ನು ಗೊತ್ತು ಮಾಡಿ, ತನ್ನ ಮಗುವಿನ ನಾಮಕರಣಕ್ಕೆ ಬಂದಾಗ ಗಾಡಿ ಅವನಿಗೆ ಕೊಟ್ಟುಬಿಡಿ ಎಂದು ಹೇಳಿಕಳಿಸಿದ. ರತ್ನಳೂ, "ಸಮನಾಗಿ ಓಡಿದರೆ ಇಟ್ಕೊಳ್ಳಿ, ಇಲ್ಲದಿದ್ದರೆ ಕೊಟ್ಬಿಡಿ" ಎಂದು ತೀರ್ಪು ಕೊಟ್ಟಳು. ನಾಮಕರಣಕ್ಕೆ ಉಳಿದಿದ್ದು ಮೂರು ಭಾನುವಾರ.

ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಮಸ್ತಾನ್ ಸಾಬರು ಕಿವಿಯಲ್ಲೇ ಸರಿಮಾಡುತ್ತಿದ್ದರು. ಆದರೆ ಎರಡು ವಾರಕ್ಕೆ ಮತ್ತೆ ಹದ ತಪ್ಪುತ್ತಿತ್ತು. "ಸಾರ್, ಇದು ಆವಾಗಾವಾಗ ನೋಡ್ಕೋಬೇಕು. ಮನೇಲೇ ಕಲ್ತುಬಿಡಿ" ಎಂದರು. ನನ್ನಂಥವನಿಗೆ ಇಷ್ಟು ಹೇಳುವುದು ಅಪಾಯ. ಬೆಂಗಳೂರಿಗೆ ಹೋಗಿ ವಿಚಾರಿಸಿದೆ. ಎರಡೂ ಎಷ್ಟೆಷ್ಟು ಗಾಳಿ ಎಳೆಯುತ್ತವೆಂದು ಒಟ್ಟಿಗೇ ತೋರಿಸುವ ಜೋಡಿ ಮೀಟರು ಅದಕ್ಕೆಂದೇ ಬರುತ್ತದಂತೆ. ಅಂಗಡಿಯವನು ಹೇಳಿದ ಬೆಲೆ ಕೇಳಿ, ಸೋಡಾ ಕುಡಿದು ಬಸ್ ಹತ್ತಿದೆ.

ಮೊದಲ ಭಾನುವಾರ ನನ್ನ ಕಣ್ಣು ಬಿದ್ದದ್ದು ಗಾರೆ ಕೆಲಸದವರ ಲೆವೆಲ್ ಟ್ಯೂಬಿನ ಮೇಲೆ. ಎದುರು ಮನೆ ಕಟ್ಟುತ್ತಿದ್ದರು. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ, ಎರಡು ತುದಿಯ ಮಟ್ಟ ನೋಡಿ ಗೋಡೆ ಸಮ ಮಾಡುತ್ತಿದ್ದರು. ಗೋಡೆ ಸಮ ಮಾಡುವ ಟ್ಯೂಬು ಕಾರ್ಬುರೇಟರನ್ನೇಕೆ ಸಮ ಮಾಡಬಾರದು? ಒಂದು ತುಂಡು ಬೇಡಿ ತಂದು, ಹಲಗೆಗೆ ಬಗ್ಗಿಸಿ ಕಟ್ಟಿ, ಎರಡು ತುದಿಯನ್ನು ಎರಡು ಕಾರ್ಬುರೇಟರಿನ ಹಿಂದಿನ ಕೊಳವೆಗಳಿಗೆ ಸಿಕ್ಕಿಸಿದೆ. ಯಾವ ಕಡೆ ಹೆಚ್ಚು ಎಳೆಯುತ್ತದೋ ಆ ಕಡೆ ಮಟ್ಟ ಏರಬೇಕು. ನೀರು ಕುಣಿದೀತೆಂದು ಅಡುಗೆಮನೆಯಿಂದ ಹರಳೆಣ್ಣೆ ತಂದು ಹುಯ್ದೆ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಮಟ್ಟ ಏರಿತು, ಇನ್ನೂ ಏರಿತು, ಹಾಗೇ ಏರುತ್ತಾ ಹೋಗಿ ಇಂಜಿನ್ನಿನೊಳಗೆ ಹೊರಟೇಹೋಯಿತು. ಗಾಡಿ ಅರ್ಧ ಸೀಸೆ ಹರಳೆಣ್ಣೆ ಕುಡಿದು, ಬೀದಿ ತುಂಬ ಬಿಳಿ ಹೊಗೆ ಬಿಟ್ಟಿತು. ಪಕ್ಕದ ಮನೆಯ ಅಜ್ಜಿ ವಾಸನೆ ಹಿಡಿದು ಕಾಂಪೌಂಡಿನಿಂದ ಕತ್ತು ಚಾಚಿ, "ಯಾರಿಗಪ್ಪಾ ಹೊಟ್ಟೆ ಕಟ್ಟಿರೋದು?" ಎಂದು ಕಳಕಳಿಯಿಂದ ಕೇಳಿದರು.

ಎರಡನೆಯ ಭಾನುವಾರ ಇನ್ನೂ ಅಗ್ಗದ ದಾರಿ ಹಿಡಿದೆ. ಇದು ಮಸ್ತಾನ್ ಸಾಬರೇ ಹೇಳಿದ್ದು. ಒಂದು ಮೊಳ ರಬ್ಬರ್ ಪೈಪು. ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ತುದಿ ಕಿವಿಗೆ. ಗಾಳಿ ಎಳೆಯುವ ಬುಸ್ ಎನ್ನುವ ಸದ್ದು ಎರಡರಲ್ಲೂ ಒಂದೇ ಸಮ ಬರುವ ತನಕ ಸ್ಕ್ರೂ ತಿರುಗಿಸುವುದು. ಗಾಡಿಯ ಎಡಕ್ಕೆ ಕುಕ್ಕರುಗಾಲಲ್ಲಿ ಕೂತು ಕೇಳಿದೆ, ಜೋರಾಗಿತ್ತು. ಬಲಕ್ಕೆ ಹೋಗಿ ಕೇಳಿದೆ, ಮೆತ್ತಗಿತ್ತು. ಬಲಗಡೆಯದನ್ನು ಜಾಸ್ತಿ ಮಾಡಿದೆ. ಮತ್ತೆ ಕೇಳಿದೆ, ಇನ್ನೂ ಮೆತ್ತಗೆ. ಇನ್ನಷ್ಟು ಜಾಸ್ತಿ ಮಾಡಿದೆ. ಗಾಡಿ ದೇವರು ಬಂದವರ ಹಾಗೆ ಅಲ್ಲಾಡತೊಡಗಿತು. ಮೂರನೆಯ ಭಾನುವಾರವೂ ಇದೇ ಕಥೆ. ಮಾರನೆಯ ವಾರವೇ ನಾಮಕರಣ. ಮದನಪಲ್ಲಿಯ ಗಿರಾಕಿ ನನ್ನ ಸೀಟಿನ ಮೇಲೆ ಕೂತಂತೆ ಕಾಣಿಸಿತು.

"ಬಲಗಡೆಯದು ಸತ್ತೇಹೋಗಿದೆ, ಹೊಸದೇ ಹಾಕಿಸ್ಬೇಕೇನೋ" ಎಂದು ಕೈ ಚೆಲ್ಲಿದೆ.

ಅಕ್ಕಿ ಆರಿಸುತ್ತಾ ಕೂತಿದ್ದ ರತ್ನ ಮೊರ ಇಟ್ಟು ಎದ್ದು ಬಂದಳು. ಪೈಪು ತೆಗೆದುಕೊಂಡು ಎರಡೂ ಕಡೆ ಕೇಳಿದಳು.

"ಸತ್ತಿಲ್ಲ ರೀ. ಅದೇ ಬುಸ್ ಅಂತ ಜೋರು ಮಾಡ್ತಿದೆ. ಎಡಗಡೆಯದೇ ಪಾಪ ಮೆತ್ತಗಿದೆ."

"ನಿನಗೇನು ಗೊತ್ತು ಕಾರ್ಬುರೇಟರು?"

"ಕಾರ್ಬುರೇಟರು ಗೊತ್ತಿಲ್ಲ. ಬುಸ್ ಅನ್ನೋದು ಗೊತ್ತು" ಎಂದವಳು, ಪೈಪನ್ನು ನನ್ನ ಕೈಗೆ ಕೊಟ್ಟಳು. "ಅಲ್ಲಾ, ನೀವು ಎಡಗಡೆ ಕೂತಾಗ ಎಡಗಿವಿ ಇಡ್ತೀರ, ಬಲಗಡೆ ಕೂತಾಗ ಬಲಗಿವಿ. ಎರಡಕ್ಕೂ ಒಂದೇ ಕಿವಿ ಇಟ್ಟು ನೋಡ್ರೀ."

ಎರಡಕ್ಕೂ ಎಡಗಿವಿ ಇಟ್ಟೆ. ಅವಳು ಹೇಳಿದ್ದೇ ನಿಜ. ಆಮೇಲೆ ಎರಡಕ್ಕೂ ಬಲಗಿವಿ ಇಟ್ಟೆ. ಎರಡೂ ಸತ್ತಂತಿದ್ದವು. ಇಂಜಿನ್ ಆರಿಸಿ, ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೂರು ವರ್ಷದಿಂದ ಊಟಕ್ಕೆ ಬಡಿಸುವಾಗ ನನ್ನ ಬಲಕ್ಕೆ ನಿಂತು ಅವಳು ಏನೇನೋ ಹೇಳುತ್ತಿದ್ದಳು. ನಾನು "ಗೊಣಗಬೇಡ, ಬಿಡಿಸಿ ಹೇಳು" ಎನ್ನುತ್ತಿದ್ದೆ. ಅದು ಅವಳಿಗೂ ಆಗಲೇ ನೆನಪಾಯಿತೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬಯ್ಯುತ್ತಾಳೆ ಎಂದುಕೊಂಡೆ. ಅವಳು ಬಾಯಿಗೆ ಸೆರಗು ಹಿಡಿದು ನಗಲು ಶುರು ಮಾಡಿದವಳು ಗೋಡೆಗೆ ಒರಗಿಕೊಂಡಳು.

ಮಾರನೆಯ ದಿನ ಡಾಕ್ಟರು ಬಿಸಿನೀರಿನ ಪಿಚಕಾರಿ ಹೊಡೆದು ಬಲಗಿವಿಯಿಂದ ಹುಣಸೇಬೀಜದಷ್ಟು ಗುಗ್ಗೆ ತೆಗೆದರು. ಹೊರಗೆ ಬಂದರೆ ಕೋಲಾರಕ್ಕೆ ಕೋಲಾರವೇ ಕಿರುಚುತ್ತಿತ್ತು. ಸಾಯಂಕಾಲ ರತ್ನ ಪೈಪು ಹಿಡಿದು ಕೂತಳು, ನಾನು ಅವಳು ಹೇಳಿದಂತೆ ಸ್ಕ್ರೂ ತಿರುಗಿಸಿದೆ. "ಇನ್ನೊಂದು ಚೂರು... ಸಾಕು, ಸಾಕು... ಜಾಸ್ತಿ ಆಯ್ತು, ಹಿಂದಕ್ಕೆ ಬನ್ನಿ." ಹತ್ತು ನಿಮಿಷದಲ್ಲಿ ನಡುಕ ನಿಂತಿತು. ಎರಡು ಸೈಲೆನ್ಸರೂ ಒಂದೇ ಸಮ ಉಸಿರಾಡಿದವು.

ನಾಮಕರಣಕ್ಕೆ ಎಲ್ಲೂ ನಿಲ್ಲದೆ ಹೋಗಿ ಇಳಿದೆವು. ಮದನಪಲ್ಲಿಯ ಗಿರಾಕಿ ಗಾಡಿಯ ಸದ್ದು ಕೇಳಿ, ಹೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ ಎಂದ. ನಾನು ಬಾಯಿ ತೆರೆಯುವ ಮೊದಲೇ ರತ್ನ, "ಅಮ್ಮೇದಿ ಲೇದು" ಎಂದು ತೆಲುಗಿನಲ್ಲಿ ಕಡ್ಡಿ ಮುರಿದಂತೆ ಹೇಳಿದಳು. ಮಾರುವುದಿಲ್ಲ ಎಂದರೆ ಇಲ್ಲ. ನಾರಾಯಣಪ್ಪ ಗಾಡಿಯನ್ನು ಒಂದು ಸುತ್ತು ಹಾಕಿ, "ಬಾವಾ, ಯಾರು ರಿಪೇರಿ ಮಾಡಿದ್ದು?" ಎಂದ. ನಾನೇ ಎಂದು ಹೇಳಲು ಹೊರಟವನು ಪಕ್ಕಕ್ಕೆ ನೋಡಿದೆ. "ನಿಮ್ಮಕ್ಕ" ಎಂದೆ.

ಅವನು ಅಕ್ಕನನ್ನು ಆಗಲೇ ತೋಟಕ್ಕೆ ಕರೆದುಕೊಂಡು ಹೋದ, ಪಂಪ್‌ಸೆಟ್ಟು ಯಾಕೋ ಬೇರೆ ಥರ ಸದ್ದು ಮಾಡುತ್ತಿದೆಯಂತೆ, ಒಂದು ಸಲ ಕೇಳಿ ಹೇಳಬೇಕಂತೆ. ಹೆಂಗಸರೆಲ್ಲ ಅಡುಗೆಯಲ್ಲಿದ್ದರು, ಗಂಡಸರೆಲ್ಲ ಅವಳ ಹಿಂದೆ ಪಂಪ್‌ಸೆಟ್ಟಿಗೆ ಹೋದರು. ಮನೆಯ ಹೊಸ ಮೆಕ್ಯಾನಿಕ್ಕಿನ ಗಂಡನಾಗಿ ನನಗೆ ಒಂದು ಜವಾಬ್ದಾರಿ ಉಳಿದಿತ್ತು. ತೊಟ್ಟಿಲ ಪಕ್ಕ ಕೂತು, ಹೆಸರಿಡುವ ತನಕ ಮಗು ಅಳದಂತೆ ನೋಡಿಕೊಳ್ಳುವುದು. ಎರಡು ಕಿವಿಯಲ್ಲೂ ಅದು ಅತ್ತದ್ದು ಸಮನಾಗಿ ಕೇಳಿಸಿತು.