ಮರಳ ದಂಡೆಯ ಮೇಲೆ ಇಬ್ಬರು ಧೀರರು

ಸ್ವೀಡನ್ನಿನಲ್ಲಿ ಮಾನ ಕಳೆದುಕೊಳ್ಳಲು ನಾನು ವಿಶೇಷ ಪ್ರಯತ್ನವನ್ನೇನೂ ಮಾಡುವುದಿಲ್ಲ. ಅದು ತಾನಾಗಿಯೇ ಆಗುತ್ತಿರುತ್ತದೆ. 2009ರ ಫೆಬ್ರವರಿಯಲ್ಲಂತೂ ಕಂತು ಕಂತಾಗಿ ಆಯಿತು. ಸೋಲ್ನಾದ ನಮ್ಮ ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದರು. ಮಾರ್ಚ್ ಮುಗಿದ ಮೇಲೆ ನನಗೋ, ನನ್ನ ಮೈಸೂರಿನ ಸಹೋದ್ಯೋಗಿಗೋ, ಒಬ್ಬರಿಗಷ್ಟೇ ಕೆಲಸ ಉಳಿಯಬಹುದು ಎಂದು ಮ್ಯಾನೇಜರ್ ಹೇಳಿದ್ದರು. ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಗುತ್ತದೆ. ಮರುವಾರವೇ ಅವರು, ‘ಸಮುದ್ರದ ದಂಡೆಯಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆಯೋಣ, ಬರುವವರು ಬನ್ನಿ’ ಎಂದರು. ನಾನು ಕೈಯೆತ್ತಿದೆ. ಅದನ್ನು ನೋಡಿ ಅವನೂ ಎತ್ತಿದ.

೧. ಚೀಟಿಯ ಅಂಕಿ

ಅಂಗಡಿಯಲ್ಲಿ ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಎರಡು ಅಂಕಿಗಳಿದ್ದವು: ಸೊನ್ನೆ ಮತ್ತು ಮೈನಸ್ ಹದಿನೈದು. ದಂಡೆಯಲ್ಲಿ ಮೈನಸ್ ಹತ್ತು ಇರುತ್ತದೆಂದು ರೇಡಿಯೋ ಹೇಳಿತ್ತು.

‘ಇನ್ನೂ ಐದು ಡಿಗ್ರಿ ಮಿಗುತ್ತೆ ಗುರು,’ ಎಂದ ಅವನು. ಇಬ್ಬರೂ ಅದನ್ನೇ ಕೊಂಡೆವು.

ದಂಡೆಯಲ್ಲಿ ಮ್ಯಾನೇಜರ್ ಚೀಟಿಯನ್ನು ಎರಡು ಸಲ ಓದಿದರು. ‘ಸೊನ್ನೆಯವರೆಗೆ ಇದರಲ್ಲಿ ನಿದ್ದೆ ಬರುತ್ತದೆ.’

‘ಮತ್ತೆ ಮೈನಸ್ ಹದಿನೈದು?’

‘ಅಲ್ಲಿಯವರೆಗೆ ಜೀವ ಇರುತ್ತದೆ.’

೨. ಸೋನಾ ಮಸೂರಿ

ಎಲ್ಲರಿಗೂ ಪುಳಿಯೋಗರೆ ಮಾಡಿ ಬಡಿಸಿ ಮ್ಯಾನೇಜರರ ಮನಸ್ಸು ಗೆಲ್ಲಬೇಕೆಂದು ಸಹೋದ್ಯೋಗಿ ಹತ್ತು ಕಿಲೋ ಅಕ್ಕಿಯ ಮೂಟೆಯನ್ನು ಹೊತ್ತು ತಂದಿದ್ದ. ಆದರೆ ಮರಳಿನಲ್ಲಿ ಟೆಂಟಿನ ಗೂಟ ನಿಲ್ಲಬೇಕಲ್ಲ. ಹೊಡೆದಷ್ಟೂ ಕಿತ್ತು ಬರುತ್ತಿತ್ತು. ಉಳಿದವರು ಚೀಲಗಳಿಗೆ ಮರಳು ತುಂಬಿ ಹಗ್ಗ ಕಟ್ಟಿ ಹೂತರು. ನಮ್ಮಲ್ಲಿ ಖಾಲಿ ಚೀಲವಿರಲಿಲ್ಲ. ಅಕ್ಕಿಮೂಟೆಗೇ ಹಗ್ಗ ಕಟ್ಟಿದೆವು. ಐದು ಗಂಟೆಗೆಲ್ಲ ಕತ್ತಲಾಯಿತು, ಗಂಟು ಬಿಚ್ಚಲು ಬೆರಳು ಬಗ್ಗುತ್ತಿರಲಿಲ್ಲ.

‘ಊಟ ಎಲ್ಲಿ?’ ಎಂದು ಮ್ಯಾನೇಜರ್ ಆಸೆಯಿಂದ ಕೇಳಿದರು.

ಅವನು ಟೆಂಟಿನ ಕಡೆ ಕೈ ತೋರಿಸಿದ. ‘ಟೆಂಟನ್ನ ಹಿಡ್ಕೊಂಡಿದೆ ಸಾರ್.’

೩. ಸೆಖೆ

ಒಂದೇ ಕೆಲಸಕ್ಕೆ ಬಾಯಿ ಬಿಡುತ್ತಿದ್ದ ಇಬ್ಬರೂ ಆ ರಾತ್ರಿ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದೆವು. ಹಲ್ಲು ಕಟಕಟ ಎನ್ನುತ್ತಿದ್ದವು. ನನ್ನ ಮಗಳು ಈಗಷ್ಟೇ ಇಲ್ಲಿನ ಶಿಶುವಿಹಾರಕ್ಕೆ ಹೊಂದಿಕೊಂಡಿದ್ದಳು. ಅವಳನ್ನು ಅಲ್ಲಿಂದ ಬಿಡಿಸಿಕೊಂಡು ಊರಿಗೆ ಹೊರಡಬೇಕಾಗುತ್ತದೇನೋ ಎಂದು ನೆನೆದರೆ ಅಳು ಬರುತ್ತಿತ್ತು. ಅಷ್ಟರಲ್ಲಿ ಹೊರಗಿನಿಂದ ಮ್ಯಾನೇಜರ್ ಕೇಳಿದರು: ‘ಎಲ್ಲ ಸರಿಯಿದೆಯಾ?’

‘ಸೂಪರ್,’ ಎಂದೆ ನಾನು.

‘ನನಗೆ ಸ್ವಲ್ಪ ಸೆಖೆ,’ ಎಂದ ಅವನು.

ಹೀಗೆ ನಾಲ್ಕು ಸಲ ನಡೆಯಿತು.

ಬೆಳಿಗ್ಗೆ ಹೊರಬಂದು ನೋಡಿದರೆ ಬೇರೆ ಟೆಂಟುಗಳೆಲ್ಲ ಖಾಲಿ. ಅಷ್ಟೂ ಜನ ಕಾರುಗಳಲ್ಲಿ ಹೀಟರ್ ಹಾಕಿಕೊಂಡು ಮಲಗಿದ್ದರು. ಮ್ಯಾನೇಜರ್ ನಮಗೆ ಕಾಫಿ ಕೊಟ್ಟು ತಲೆ ತಗ್ಗಿಸಿದರು.

‘ನಿಮ್ಮಿಬ್ಬರನ್ನೂ ತೆಗೆಯಬೇಕೆಂದು ಶುಕ್ರವಾರವೇ ತೀರ್ಮಾನವಾಗಿದೆ. ವಿಷಯ ಹೇಳಿ ಕಾರಿಗೆ ಕರೆದುಕೊಂಡು ಹೋಗೋಣ ಅಂತ ರಾತ್ರಿ ನಾಲ್ಕು ಸಲ ಬಂದೆ. ನೀವು ಅಷ್ಟು ಸುಖವಾಗಿದ್ದಿರಿ, ಹೇಳಲು ಮನಸ್ಸಾಗಲಿಲ್ಲ.’

ಸಹೋದ್ಯೋಗಿ ನನ್ನ ಕಡೆ ವಾಲಿ ಕನ್ನಡದಲ್ಲಿ ಮೆಲ್ಲಗೆ ಕೇಳಿದ:

‘ಇನ್ನು ಚಳಿ ಆಗ್ತಿದೆ ಅಂತ ಹೇಳಬಹುದಲ್ವಾ ಗುರು?’