ಹಾಲಿನ ಡಬ್ಬಿಯೊಳಗಿನ ಆಡು

ನಮ್ಮ ಮನೆಯಲ್ಲಿ ಒಂದು ದಿನವೂ ಸುಮ್ಮನೆ ಕಳೆಯುವುದಿಲ್ಲ. ಕೂಸು ಅಳು ನಿಲ್ಲಿಸಿತು ಅನ್ನುವಷ್ಟರಲ್ಲಿ ದೊಡ್ಡವರು ಶುರು ಮಾಡುತ್ತಾರೆ.

ಡಬ್ಬಿಗೆ ಮೈಲಿಗೆ

ನನ್ನ ಹಾಲು ಸಾಲದೆ ಡಾಕ್ಟರಮ್ಮ ಕೂಸಿಗೆ ಪುಡಿಹಾಲು ಬರೆದುಕೊಟ್ಟರು. ಶಹಾಬಾದಿನಲ್ಲಿ ಸಿಗದೆ ನಮ್ಮವರು ಪಕ್ಕದೂರು ವಾಡಿಯಿಂದ ತಂದರು. ಬಿ.ಎಸ್ಸಿ. ಓದುವ ಮೈದುನ ಡಬ್ಬಿ ತಿರುಗಿಸಿ ನೋಡಿದ.

"ವೈನಿ, ಇದರಾಗ ಕ್ಯಾಪ್ರಿಕ್ ಆಮ್ಲ ಅದ. ಕೊಬ್ಬಿನ ಆಮ್ಲ. ಲ್ಯಾಟಿನ್‌ದಾಗ ಕ್ಯಾಪ್ರಾ ಅಂದ್ರ ಆಡು!"

ಗುಡಿಯ ಪೂಜೆ ಮುಗಿಸಿ ಪ್ರಸಾದದ ತಟ್ಟೆ ಹಿಡಿದು ಬಂದ ಮಾವನವರು ಹೊಸ್ತಿಲಲ್ಲೇ ನಿಂತರು. "ಆಡಿನ ಕೊಬ್ಬೇನು? ನನ್ನ ಮೊಮ್ಮಗನ ಹೊಟ್ಟಿಗಿ ಆಡಿನ ಕೊಬ್ಬು ಹಾಕ್ಲಿಕತ್ತೀರೇನು?"

ಡಬ್ಬಿ ಅಡುಗೆಮನೆಯಿಂದ ಹೊರಬಿತ್ತು. ತುಳಸಿಕಟ್ಟೆ ಹತ್ತಿರವೂ ಬೇಡವೆಂದರು. ಕೊನೆಗೆ ಕೂಸಿನ ಊಟ ಚಪ್ಪಲಿ ಗೂಡಿನ ಮೇಲೆ, ಕೂಸು ನನ್ನ ಹೆಗಲ ಮೇಲೆ.

ಅತ್ತೆಯ ಉಪಾಯ

ಹಸಿದ ಕೂಸು ಕಿರುಚತೊಡಗಿತು. ಅತ್ತೆ ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದರು.

"ಭಂಕೂರದಾಗ ನಮ್ಮ ಗುರುತಿನವ್ರು ಅದಾರ. ಫೋನ್ ಮಾಡಿ ಹಾಲು ಕೇಳೀನಿ. ಕೂಸಿಗಿ ಭಾಳ ಹಗುರ."

"ಯಾವ ಹಾಲ್ರೀ?"

"ಆಡಿನ ಹಾಲು!"

ನನಗೆ ನಗುವಷ್ಟು ತ್ರಾಣವೂ ಇರಲಿಲ್ಲ. "ಅತ್ತಿ, ಆಡು ನಡೀತದ, ಆಡಿನ ಹೆಸರಷ್ಟ ನಡಿಯಂಗಿಲ್ಲೇನ್ರಿ?"

ಪೂರ್ತಿ ಓದಿದ ಮೇಲೆ

ಮೈದುನನ ಕಿವಿ ಹಿಡಿದೆ. "ಅರ್ಧ ಓದಿ ಬೆಂಕಿ ಹಚ್ಚಿದಿ. ಈಗ ಪೂರ್ತಿ ಓದಿ ಆರಿಸು."

ಅವನು ಮೊಬೈಲು ನೋಡಿ ಓದಿದ. "ವಾಸನಿ ಆಡಿನಂಗ ಬರ್ತದಂತ ಆ ಹೆಸರು ಇಟ್ಟಾರಪ್ಪಾ. ಡಬ್ಬ್ಯಾಗ ಇರೋದು ತೆಂಗಿನೆಣ್ಣಿಯಿಂದ ಬಂದದ್ದು. ತೆಂಗಿನಕಾಯಾಗೂ ಅದು ಇರ್ತದ."

ಮಾವನವರ ಕೈಯಲ್ಲಿ ಇನ್ನೂ ಪ್ರಸಾದದ ತಟ್ಟೆಯಿತ್ತು. ಅದರಲ್ಲಿ ದೇವರಿಗೆ ಒಡೆದ ಕಾಯಿಯ ಎರಡು ಹೋಳು.

"ಮಾವಾರ, ಆ ಕಾಯೀನೂ ಚಪ್ಪಲಿ ಗೂಡಿನ ಮ್ಯಾಲೇ ಇಡ್ಲೇನ್ರಿ?"

ಮಾವನವರು ತಟ್ಟೆ ಕೆಳಗಿಟ್ಟರು. ತಾವೇ ಹೋಗಿ ಡಬ್ಬಿ ತಂದು, ಶಲ್ಯದಿಂದ ಒರೆಸಿ, ನನ್ನ ಮುಂದಿಟ್ಟರು. "ನೀರು ಕಾಸವ್ವ. ಕೂಸು ಹಸದದ."

ಕೂಸು ಕುಡಿದು ಮಲಗಿತು. ನಾನೂ ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಅಂಗಳದಿಂದ "ಮ್ಯಾ" ಎಂದು ಕೇಳಿಸಿತು. ಹಾಲು ಹಾದಿಯಲ್ಲಿ ಕೆಟ್ಟೀತೆಂದು ಭಂಕೂರದವರು ಆಡನ್ನೇ ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದು ಇಳಿಸಿದ್ದರು.

ಕೂಸು ಎದ್ದು ಚೀರಿತು. ಮಾವನವರು ಒಳಗಿನಿಂದ ಕೂಗಿದರು, "ಯಾರವ್ವ ಬಂದವ್ರು?"

"ಕ್ಯಾಪ್ರಾ ಬಂದದ್ರಿ ಮಾವಾರ," ಅಂದೆ. "ನಿಮ್ಮ ತುಳಸಿ ತಿನ್ಲಿಕತ್ತದ."